ಬಾಳವ್ವ ಹಿಂದಿರುಗಿಸದ ಹಂಡೆ

"ಗುರುಗಳೇ, ದೊಡ್ಡ ಉಪಕಾರ ಪಡೆದವನು ಅದಕ್ಕೆ ತಕ್ಕದ್ದನ್ನು ಹಿಂದಿರುಗಿಸುವ ತನಕ ಅಲ್ಲಿಂದ ಹೇಗೆ ಎದ್ದು ಹೋದಾನು?"

ಕೇಳಿದವನು ಮಡಿವಾಳಯ್ಯ. ಗುರುಗಳ ಬಳಿ ಎಂಟು ವರ್ಷ ಓದಿದವನು. ಓದು ಮುಗಿದ ಮೇಲೂ ನಾಲ್ಕು ವರ್ಷ ಅಲ್ಲಿಯೇ ಉಳಿದಿದ್ದ. ಜೊತೆಗೆ ಓದಿದವರೆಲ್ಲ ಒಂದೊಂದು ಊರು ಹಿಡಿದು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಇವನು ಅಂಗಳ ಗುಡಿಸುತ್ತಿದ್ದ, ನೀರು ಸೇದುತ್ತಿದ್ದ, ಗುರುಗಳ ಪಂಚೆ ಒಗೆಯುತ್ತಿದ್ದ. ಹೊರಡು ಎಂದು ಗುರುಗಳು ಎಷ್ಟು ಸಲ ಹೇಳಿದರೂ, ನಿಮ್ಮಿಂದ ಪಡೆದದ್ದಕ್ಕೆ ನಾನಿನ್ನೂ ಏನೂ ಕೊಟ್ಟಿಲ್ಲವಲ್ಲ ಎಂದು ಮತ್ತೆ ಪೊರಕೆ ಹಿಡಿಯುತ್ತಿದ್ದ.

ಗುರುಗಳು ಅವನ ಮುಖ ನೋಡಿದರು. ಅಂಗಳವನ್ನೂ ಒಮ್ಮೆ ನೋಡಿದರು. ಗುಡಿಸಿ ಗುಡಿಸಿ ಅದು ಒಂದು ಬೆರಳು ತಗ್ಗಾಗಿತ್ತು. ಪೊರಕೆ ಅಲ್ಲಿಡು, ಕುಳಿತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ಊರು. ಆ ಊರಿನ ಅರ್ಧ ಜನಕ್ಕೆ ಅನ್ನ ಕೊಡುವುದು ಅಲ್ಲಿಯ ಅಡತಿ ಬಜಾರು. ಜೋಳ, ಕಡಲೆ, ಮೆಣಸಿನಕಾಯಿಯ ಚೀಲಗಳು ಲಾರಿಯಲ್ಲಿ ಬಂದು ಇಳಿಯುತ್ತವೆ. ಹಮಾಲರು ಅವನ್ನು ಬೆನ್ನ ಮೇಲೆ ಹೊತ್ತು ಅಂಗಡಿಗೆ ಸೇರಿಸುತ್ತಾರೆ. ಅಂಥ ಒಬ್ಬ ಹಮಾಲನ ಹೆಂಡತಿ ಬಾಳವ್ವ.

ಒಂದು ದಿನ ಅವಳ ಗಂಡ ಲಾರಿಯ ಮೇಲಿಂದ ಚೀಲದ ಸಮೇತ ಬಿದ್ದ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಬಾಳವ್ವ ಮೂರು ತಿಂಗಳು ಅವರಿವರ ಮನೆಯ ಮುಸುರೆ ತಿಕ್ಕಿದಳು. ನಾಲ್ಕನೆಯ ತಿಂಗಳು ದೊಡ್ಡ ಮಗಳನ್ನು ಶಾಲೆ ಬಿಡಿಸಿ ಕೆಲಸಕ್ಕೆ ಕಳಿಸುವ ಮಾತು ಬಂತು. ಆ ಮಾತು ಬಂದ ಮಾರನೆಯ ದಿನ ಬಾಳವ್ವ ನಾಚಿಕೆ ಬಿಟ್ಟು ಆಸರೆ ಮನೆಯ ಮೆಟ್ಟಿಲು ಹತ್ತಿದಳು.

ಆಸರೆ ಮನೆ ಎಂದರೆ ಆ ಊರಿನ ಒಂದು ಸಂಸ್ಥೆ. ದೊಡ್ಡದೇನೂ ಅಲ್ಲ. ಎರಡು ಕೋಣೆ, ಒಂದು ಪಡಸಾಲೆ, ಕೈಹಚ್ಚುವ ಏಳೆಂಟು ಜನ. ಅದನ್ನು ಕಟ್ಟಿದವರು ನಿವೃತ್ತ ಶಿಕ್ಷಕಿಯೊಬ್ಬರು. ಆ ಸೀಮೆಯಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಊರಿಗೆಲ್ಲ ಅವರು ಅಕ್ಕೋರೇ. ಅರ್ಧ ಊರು ಅವರ ಕೈಯಲ್ಲಿ ಪೆಟ್ಟು ತಿಂದು ಅಕ್ಷರ ಕಲಿತದ್ದು. ಹಾಗಾಗಿ ಅವರು ಏನಾದರೂ ಕೇಳಿದರೆ ಇಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಅವರು ಕೇಳಿದ್ದು ಪಾತ್ರೆಗಳನ್ನು. ಹಿಂದೆ ಮದುವೆ ಎಂದರೆ ಮನೆಯ ಮುಂದೆ ಚಪ್ಪರ, ಮನೆಯದೇ ಅಡುಗೆ. ಅನುಕೂಲಸ್ಥರ ಮನೆಗಳಲ್ಲೆಲ್ಲ ದೊಡ್ಡ ದೊಡ್ಡ ಹಂಡೆ, ಕೊಪ್ಪರಿಗೆಗಳಿದ್ದವು. ಕಲ್ಯಾಣ ಮಂಟಪಗಳು ಬಂದವು, ಪಾತ್ರೆಗಳು ಅಟ್ಟ ಸೇರಿದವು. ಅಕ್ಕೋರು ಮನೆ ಮನೆಗೆ ಹೋಗಿ ಅವನ್ನು ಕೆಳಗಿಳಿಸಿದರು. ಕಷ್ಟದಲ್ಲಿದ್ದ ಮನೆಗೆ ಒಂದು ಹಂಡೆ, ಒಂದು ಒಲೆ, ಮೊದಲ ತಿಂಗಳಿಗೆ ಬೇಕಾದ ಅಕ್ಕಿ ಬೇಳೆ. ಬೇಯಿಸಿ ಮಾರಿ, ನಿಮ್ಮ ಕಾಲ ಮೇಲೆ ನಿಲ್ಲಿ. ನಿಂತ ಮೇಲೆ ಹಂಡೆ ತಂದುಕೊಡಿ, ಅದು ಇನ್ನೊಂದು ಮನೆಗೆ ಹೋಗಬೇಕು. ಅಲ್ಲಿದ್ದ ಕಟ್ಟಳೆ ಇದೊಂದೇ.

ಬಾಳವ್ವನಿಗೆ ಸಿಕ್ಕದ್ದು ತಾಮ್ರದ ಹಂಡೆ, ಒಳಗೆ ಕಲಾಯಿ. ಇಬ್ಬರು ಸೇರಿ ಎತ್ತಬೇಕು. ಅವಳು ಅದರಲ್ಲಿ ಅನ್ನ ಮಾಡಿ, ಸಾರು ಕಾಸಿ, ತಳ್ಳುಗಾಡಿಯಲ್ಲಿಟ್ಟು ಅಡತಿ ಬಜಾರಿನ ಮುಂಬಾಗಿಲಲ್ಲಿ ನಿಂತಳು. ನಿಂತಳು, ಆದರೆ ಬಾಯಿ ತೆರೆಯಲಿಲ್ಲ. ಗಂಡನ ಜೊತೆ ದುಡಿದವರ ಎದುರು ಊಟಕ್ಕೆ ಬನ್ನಿ ಎಂದು ಕೂಗಲು ಅವಳಿಗೆ ಸಂಕೋಚ. ಆಗ ಅಕ್ಕೋರು ಪಕ್ಕಕ್ಕೆ ಬಂದು ನಿಂತು ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ದನಿಯಲ್ಲಿ ಕೂಗಿದರು. ಚೀಲ ಹೊತ್ತ ಹಮಾಲರು ಗಾಬರಿಯಾಗಿ ಚೀಲ ಇಳಿಸಿ ಸಾಲಾಗಿ ಬಂದರಂತೆ. ಅಕ್ಕೋರು ಹೀಗೆ ಮೂರು ದಿನ ನಿಂತರು. ನಾಲ್ಕನೆಯ ದಿನ ಬಾಳವ್ವನ ದನಿ ತಾನಾಗಿ ಹೊರಟಿತು.

ಒಂದು ವರ್ಷದಲ್ಲಿ ಆ ಮನೆ ಚೇತರಿಸಿಕೊಂಡಿತು. ಮಗಳು ಶಾಲೆ ಬಿಡಲಿಲ್ಲ. ಗಂಡ ಗೋಡೆಗೆ ಒರಗಿ ಕುಳಿತು ಈರುಳ್ಳಿ ಹೆಚ್ಚತೊಡಗಿದ. ಅಷ್ಟು ಸಣ್ಣಗೆ ಯಾರೂ ಹೆಚ್ಚಲಾರರು ಎಂದು ಬಾಳವ್ವ ಎಲ್ಲರೆದುರು ಹೇಳುವಳು, ಅವನು ಮುಖ ತಿರುಗಿಸಿ ನಗುವನು. ಅವಳು ತನ್ನದೇ ದುಡಿಮೆಯಿಂದ ಎರಡು ಹಗುರವಾದ ಪಾತ್ರೆ ಕೊಂಡಳು. ಎತ್ತಲು ಸುಲಭ, ತೊಳೆಯಲು ಸುಲಭ. ತಾಮ್ರದ ಹಂಡೆಗೆ ಆ ಮನೆಯಲ್ಲಿ ಇನ್ನು ಕೆಲಸವಿರಲಿಲ್ಲ.

ಹಾಗಾದರೆ ಅವಳು ಅದನ್ನು ಹಿಂದಿರುಗಿಸಿದಳೆ? ಇಲ್ಲ.

ಅವಳು ದುರಾಸೆಯವಳಲ್ಲ. ಮರೆತವಳೂ ಅಲ್ಲ. ಮರೆತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆಯಲ್ಲ, ನಿನ್ನ ತಾಯಿಯೂ ಪಾಲಿಸಿದ್ದಾಳೆ. ನೆರೆಯವರು ಬಟ್ಟಲಲ್ಲಿ ಏನಾದರೂ ಕಳಿಸಿದರೆ ಆ ಬಟ್ಟಲನ್ನು ಬರಿದಾಗಿ ಹಿಂದೆ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಬರಿಯ ಪಾತ್ರೆ ಕೊಟ್ಟರೆ ಅವರ ಮನೆಯೂ ಬರಿದಾದೀತು ಎಂಬ ಅಂಜಿಕೆ. ಬಾಳವ್ವ ಸಕ್ಕರೆಯ ಬಟ್ಟಲಿನ ವಿಷಯದಲ್ಲೇ ಹಾಗೆ ನಡೆದುಕೊಂಡವಳು. ಇದು ಅವಳ ಮನೆ ಉಳಿಸಿದ ಹಂಡೆ. ಇದನ್ನು ಬರಿದಾಗಿ ಅಕ್ಕೋರ ಮುಂದೆ ಹೇಗೆ ಇಡುವುದು?

ತುಂಬಿಯೇ ಕೊಡುತ್ತೇನೆ ಎಂದುಕೊಂಡಳು. ಮೊದಲು ಅಕ್ಕಿ ತುಂಬಿಸಲು ಹೊರಟಳು. ದಿನಕ್ಕೆ ಎರಡು ಹಿಡಿ. ಅರ್ಧ ಹಂಡೆ ತುಂಬುವ ಹೊತ್ತಿಗೆ ಗಂಡನಿಗೆ ಜ್ವರ ಬಂತು, ಹತ್ತು ದಿನ ಗಾಡಿ ಹೊರಡಲಿಲ್ಲ, ಮನೆಯವರು ಆ ಅಕ್ಕಿಯನ್ನೇ ಉಂಡರು. ಕೊಡಲಿಟ್ಟದ್ದನ್ನು ತಿಂದೆವಲ್ಲ ಎಂದು ಅವಳು ಪಟ್ಟ ಸಂಕಟ ಗಂಡನ ಜ್ವರಕ್ಕಿಂತ ಹೆಚ್ಚು ದಿನ ಉಳಿಯಿತು. ಮತ್ತೆ ತುಂಬಿಸಿದಳು. ಈ ಸಲ ಹುಳ ಹಿಡಿಯಿತು. ಅಕ್ಕಿ ಬೇಡ, ಸೀರೆ ಕೊಡುತ್ತೇನೆ ಎಂದು ಒಂದು ಒಳ್ಳೆಯ ಇಳಕಲ್ ಸೀರೆ ತಂದಳು. ಹಂಡೆಯೊಳಗಿಟ್ಟು ಬಗ್ಗಿ ನೋಡಿದರೆ ಅದು ಬಾವಿಯ ತಳದಲ್ಲಿ ಬಿದ್ದ ಕರವಸ್ತ್ರದ ಹಾಗೆ ಕಂಡಿತು. ಸೀರೆ ಪೆಟ್ಟಿಗೆ ಸೇರಿತು, ಮತ್ತೆ ದಿನಕ್ಕೆರಡು ಹಿಡಿ ಅಕ್ಕಿ ಶುರುವಾಯಿತು.

ಒಂದು ಕಡೆ ಇದನ್ನು ನೋಡಿ ನಗಬಹುದು. ಆದರೆ ಅವಳ ಎದೆಯಲ್ಲಿದ್ದದ್ದು ನಗುವ ವಿಷಯವಲ್ಲ. ಮಗಳು ಪುಸ್ತಕ ಹಿಡಿದು ಕುಳಿತದ್ದನ್ನು ಕಂಡಾಗಲೆಲ್ಲ ಅವಳಿಗೆ ಅಕ್ಕೋರು ನೆನಪಾಗುತ್ತಿದ್ದರು. ಗಂಡ ನಕ್ಕಾಗಲೆಲ್ಲ ನೆನಪಾಗುತ್ತಿದ್ದರು. ತಾನು ಪಡೆದದ್ದು ಈ ಹಂಡೆಯಲ್ಲಿ ಹಿಡಿಯುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಿದ್ದ ಮೇಲೆ ಏನು ತುಂಬಿದರೂ ಕಡಿಮೆಯೇ. ಅವಳು ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದಳು, ಹೊಸ ಕಲಾಯಿ ಹಾಕಿಸಿದಳು, ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ದಿನವೂ ಸ್ನಾನ ಮಾಡಿ ಬಂದು ಅದಕ್ಕೆ ಕೈ ಮುಗಿದು ಗಾಡಿ ಹೊರಡಿಸುವಳು.

ಕೈ ಮುಗಿಯುವುದೇನೋ ಸುಲಭ. ಅಕ್ಕೋರಿಗೆ ಮುಖ ತೋರಿಸುವುದು ಕಷ್ಟವಾಯಿತು. ಹಂಡೆ ಎಲ್ಲಿ ಎಂದು ಕೇಳಿಬಿಟ್ಟರೆ? ಅವಳು ಆಸರೆ ಮನೆಯ ಬೀದಿ ಬಿಟ್ಟಳು. ಗಾಡಿಯನ್ನು ಹಿಂದಿನ ಓಣಿಯಲ್ಲಿ ಸುತ್ತಿಸಿಕೊಂಡು ಹೋಗುವಳು. ಒಮ್ಮೆ ಬಜಾರಿನಲ್ಲಿ ಅಕ್ಕೋರು ಎದುರಾದರು. ಬಾಳವ್ವ ಲಾರಿಯೊಂದರ ಹಿಂದೆ ಸರಿದು ನಿಂತಳು. ಸೆರಗಿನ ತುದಿ ಮರೆಯಾಗುವುದನ್ನು ಅಕ್ಕೋರು ಕಂಡರು.

ಅಕ್ಕೋರಿಗೆ ಹಂಡೆ ಹೋದರೆ ಹೋಯಿತು ಎನಿಸಿರಲಿಕ್ಕೂ ಸಾಕು. ಆ ಸೆರಗು ಮಾತ್ರ ಅವರಿಗೆ ಬಹಳ ನೋವು ಕೊಟ್ಟಿತು. ಮೂರು ದಿನ ಬಿಸಿಲಲ್ಲಿ ಪಕ್ಕದಲ್ಲಿ ನಿಂತವಳನ್ನು ಕಂಡು ಬಚ್ಚಿಟ್ಟುಕೊಳ್ಳುವುದೇ ಎಂದುಕೊಂಡರು. ಆಸರೆ ಮನೆಯ ಉಳಿದವರಂತೂ, ಬಾಳವ್ವನ ಕೆಲಸ ಮುಗಿಯಿತು, ಇನ್ನು ಅವಳೇಕೆ ನಮ್ಮತ್ತ ನೋಡಿಯಾಳು ಎಂದು ಮಾತಾಡಿಕೊಂಡರು. ಹೋಗಿ ಕೇಳಿ ಬನ್ನಿ ಎಂದು ಅಕ್ಕೋರಿಗೆ ಹೇಳಿದರು. ಅಕ್ಕೋರು ಒಪ್ಪಲಿಲ್ಲ. ಕೊಟ್ಟ ಕೈ ಕೇಳಬಾರದು ಎಂಬುದು ಅವರ ಹಟ. ಒಳ್ಳೆಯ ಹಟವೇ. ಆದರೆ ಅದರ ಹಿಂದೆ ಸ್ವಲ್ಪ ಬಿಗುಮಾನವೂ ಇತ್ತು, ಅದು ಅವರಿಗೆ ಆಗ ಕಾಣಲಿಲ್ಲ.

ಈ ನಡುವೆ ಆಸರೆ ಮನೆಗೆ ಮಾಬೂಬಿ ಎಂಬ ಹೆಂಗಸು ಬಂದಳು. ಗಂಡ ಕೆಲಸ ಹುಡುಕಿಕೊಂಡು ದೂರದ ಊರಿಗೆ ಹೋದವನು ಸುದ್ದಿಯಿಲ್ಲದೆ ಹೋಗಿದ್ದ. ಮೂವರು ಮಕ್ಕಳು. ಅವಳ ಕೈಯ ಪಲಾವ್ ಉಂಡವರು ಮರೆಯುವುದಿಲ್ಲ ಎಂದು ಅವಳ ಓಣಿಯಲ್ಲೆಲ್ಲ ಹೆಸರು. ಅಡತಿ ಬಜಾರಿನ ಹಿಂಬಾಗಿಲಲ್ಲಿ, ಮೆಣಸಿನಕಾಯಿ ಇಳಿಸುವ ಕಡೆ, ಊಟ ಮಾರುವವರು ಯಾರೂ ಇರಲಿಲ್ಲ. ಜಾಗ ಇತ್ತು, ಕೈ ಇತ್ತು, ಒಲೆ ಇತ್ತು. ಹಂಡೆ ಇರಲಿಲ್ಲ. ಆಸರೆ ಮನೆಯ ಬೇರೆ ಹಂಡೆಗಳೆಲ್ಲ ಒಂದೊಂದು ಮನೆಯಲ್ಲಿ ದುಡಿಯುತ್ತಿದ್ದವು. ಅಟ್ಟದ ಮೇಲಿನ ಪಾತ್ರೆಗಳೂ ಊರಿನಲ್ಲಿ ಮುಗಿದಿದ್ದವು. ಮಾಬೂಬಿ ಪ್ರತಿ ಗುರುವಾರ ಬಂದು ಪಡಸಾಲೆಯಲ್ಲಿ ಕೂರುವಳು. ಬಂತೇನ್ರಿ ಎನ್ನುವಳು. ಇಲ್ಲ ಎಂದರೆ ಆಗಲಿ ಎಂದು ಎದ್ದು ಹೋಗುವಳು. ಆಸರೆ ಮನೆಯವರು ಕೊಡುತ್ತಿದ್ದ ಅಕ್ಕಿಯನ್ನು ಒಯ್ಯುವಾಗ ಮಾತ್ರ ಅವಳು ತಲೆ ತಗ್ಗಿಸುತ್ತಿದ್ದಳು. ಅವಳಿಗೆ ಬೇಕಾದದ್ದು ಅಕ್ಕಿಯಲ್ಲ, ದುಡಿಮೆ.

ಹೀಗೆ ಎಂಟು ತಿಂಗಳು ಕಳೆಯಿತು. ಬಾಳವ್ವ ಒಳ್ಳೆಯವಳು, ಅಕ್ಕೋರೂ ಒಳ್ಳೆಯವರು. ಇಬ್ಬರು ಒಳ್ಳೆಯವರ ನಡುವೆ ಮೂರನೆಯವಳು ಹಸಿದಿದ್ದಳು.

ಒಂದು ಗುರುವಾರ ಮಾಬೂಬಿ ಬರಲಿಲ್ಲ. ಮುಂದಿನ ಗುರುವಾರ ಬಂದವಳು, ದೊಡ್ಡ ಮಗಳನ್ನು ಶಾಲೆ ಬಿಡಿಸಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಕಳಿಸುತ್ತಿದ್ದೇನೆ, ಇನ್ನು ಹಂಡೆ ಬೇಡ ಎಂದಳು. ಅಕ್ಕೋರು ಎದ್ದರು. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಬಾಳವ್ವನ ಮನೆಗೆ ನಡೆದರು. ದಾರಿಯುದ್ದಕ್ಕೂ ಅವಳಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡರು. ಬಿರುಸಾದ ಮಾತುಗಳೇ ಇದ್ದವು.

ಬಾಗಿಲಲ್ಲಿ ನಿಂತವರಿಗೆ ಮೊದಲು ಕಂಡದ್ದು ಹಂಡೆ. ಮಣೆಯ ಮೇಲೆ ಫಳಫಳ ಹೊಳೆಯುತ್ತಿತ್ತು. ಕೊರಳಿಗೆ ಚೆಂಡುಹೂವಿನ ಮಾಲೆ. ಬಗ್ಗಿ ನೋಡಿದರೆ ಅರ್ಧದಷ್ಟು ಅಕ್ಕಿ. ಅಕ್ಕೋರು ಚಪ್ಪಲಿ ಕಳಚಿ ಒಳಗೆ ಬಂದರು.

ಬಾಳವ್ವ ಒಳಗಿನಿಂದ ಬಂದಳು. ಬಚ್ಚಿಟ್ಟುಕೊಳ್ಳಲು ಇಲ್ಲಿ ಲಾರಿ ಇರಲಿಲ್ಲ. ಅಲ್ಲೇ ಗೋಡೆ ಹಿಡಿದು ನಿಂತಳು. ಅಕ್ಕೋರು ಬೈಯಲಿಲ್ಲ. ಕೆಲಸ ಮುಗಿದ ಹಂಡೆಯನ್ನು ಯಾಕೆ ಇಟ್ಟುಕೊಂಡೆ ಎಂದು ಮೆಲ್ಲಗೆ ಕೇಳಿದರು.

"ಬರೇ ಹಂಡೆ ಹ್ಯಾಂಗ ಕೊಡ್ಲಿರೀ ಅಕ್ಕೋರ? ನನ್ನ ಮನಿ ಉಳಿಸಿದ ಹಂಡೆ ಇದು. ತುಂಬಿ ಕೊಡಬೇಕಂತ ಮಾಡೀನಿ. ತುಂಬವಲ್ದು."

ಅಕ್ಕೋರು ಮಣೆಯ ಪಕ್ಕ ನೆಲದ ಮೇಲೆ ಕುಳಿತರು. ಈ ಹೆಂಗಸಿನ ಬಗ್ಗೆ ತಾನು ಏನೆಲ್ಲ ಅಂದುಕೊಂಡೆ ಎಂದು ಕಣ್ಣು ಒರೆಸಿಕೊಂಡರು.

"ನೀ ತುಂಬಿ ಕೊಡಬೇಕಂತ ಕುಂತಿ, ಬಾಳವ್ವಾ. ಅಲ್ಲೊಬ್ಬಾಕಿ ಬರೇದಾದ್ರೂ ಸಿಕ್ರ ಸಾಕು ಅಂತ ದಾರಿ ನೋಡ್ಕೋತ ಕುಂತಾಳ. ಎಂಟು ತಿಂಗಳಾತು."

ಆಮೇಲೆ ಮಾಬೂಬಿಯ ವಿಷಯ ಹೇಳಿದರು. ಮೂವರು ಮಕ್ಕಳ ವಿಷಯ, ಗುರುವಾರಗಳ ವಿಷಯ. ಕೊನೆಗೆ ಶಾಲೆ ಬಿಟ್ಟ ಹುಡುಗಿಯ ವಿಷಯ ಹೇಳಿದಾಗ ಬಾಳವ್ವ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಂಡೆ ಇನ್ನೊಂದು ಮನೆಗೆ ಹೋಗಬೇಕು ಎಂಬ ಮಾತನ್ನು ಅವಳು ಮೊದಲ ದಿನವೇ ಕೇಳಿದ್ದಳು. ಆದರೆ ಆ ಮನೆಯಲ್ಲಿ ಒಬ್ಬಳು ತಾಯಿ ಇದ್ದಾಳು, ಅವಳಿಗೂ ಮಗಳಿದ್ದಾಳು ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಅವಳ ಕಣ್ಣಿಗೆ ಕಂಡದ್ದು ಕೊಟ್ಟವರ ಮುಖ ಒಂದೇ.

ಬಾಳವ್ವ ಹಂಡೆಯ ಮಾಲೆ ತೆಗೆದಳು. ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡಳು. ಅಕ್ಕಿ ಇರಲಿ, ಅವರ ಮಕ್ಕಳಿಗೆ ಒಯ್ಯೋಣ ಎಂದ ಗಂಡ. ಅವಳು ಬೇಡ ಎಂದಳು. ಒಂದು ಹಿಡಿ ಹಾಕಿದರೆ ನಾಳೆ ಮಾಬೂಬಿಯೂ ಎರಡು ಹಿಡಿ ಹಾಕಬೇಕೆಂದು ಕೂರುತ್ತಾಳೆ, ಅಕ್ಕಿಯನ್ನು ಬೇರೆ ದಿನ ಬೇರೆ ಚೀಲದಲ್ಲಿ ಕೊಟ್ಟರಾಯಿತು ಎಂದಳು. ಹಂಡೆಯನ್ನು ಗಾಡಿಯ ಮೇಲಿಟ್ಟು, ಹಿಂದಿನ ಓಣಿ ಬಿಟ್ಟು ಅಕ್ಕೋರ ಜೊತೆ ದೊಡ್ಡ ಬೀದಿಯಲ್ಲೇ ಹೊರಟಳು. ಬರಿಯ ಪಾತ್ರೆ ಒಯ್ಯುತ್ತಿದ್ದೇನೆ, ನೋಡಿದವರು ಏನೆಂದಾರು ಎಂಬ ಅಳುಕು ಅವಳಿಗೆ ಇದ್ದೇ ಇತ್ತು. ಅಂಥ ಹೆಂಗಸಿಗೆ ತುಂಬಿದ ಹಂಡೆಗಿಂತ ಬರಿದಾದ ಹಂಡೆಯೇ ಭಾರ. ಆದರೂ ಅವಳು ಅದಕ್ಕೆ ಸೆರಗು ಮುಚ್ಚಲಿಲ್ಲ.

ಮಾಬೂಬಿಯ ಮನೆಯ ಮುಂದೆ ಗಾಡಿ ನಿಂತಿತು. ಮಾಬೂಬಿ ಹೊರಗೆ ಬಂದು ಹಂಡೆ ನೋಡಿದಳು, ಅಕ್ಕೋರನ್ನು ನೋಡಿದಳು, ಗುರುತಿಲ್ಲದ ಈ ಹೆಂಗಸನ್ನು ನೋಡಿದಳು. ಎಂಟು ತಿಂಗಳು ಕಾದದ್ದು ಬಾಗಿಲಿಗೆ ಬಂದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಬಾಳವ್ವ ಎಲ್ಲವನ್ನೂ ತಾನೇ ಹೇಳಿಕೊಂಡಳು. ಇಷ್ಟು ದಿನ ನಿನ್ನ ಪಾಲಿನದನ್ನು ಮಣೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದವಳು ನಾನೇ ಎಂದಳು. ಮಾಬೂಬಿ ಅವಳ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಆಮೇಲೆ ಅಕ್ಕೋರ ಕಾಲಿಗೆ ಬಿದ್ದು ಬಾಳವ್ವ ತನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದಳು. ಮಗಳ ಓದು, ಗಂಡನ ನಗು, ದಿನದ ಬಿಸಿ ಅನ್ನ, ಎಲ್ಲವೂ ನಿಮ್ಮಿಂದ ಎಂದಳು. ಮೂರು ವರ್ಷದಿಂದ ಹೇಳಬೇಕೆಂದಿದ್ದ ಮಾತು ಅದು. ಹೇಳಲು ಹಂಡೆ ತುಂಬಬೇಕಾಗಿರಲಿಲ್ಲ. ಅಕ್ಕೋರೂ ಸುಮ್ಮನಿರಲಿಲ್ಲ. ನಾನು ಒಂದು ಸಲ ಬಂದು ಕೇಳಿದ್ದರೆ ಮುಗಿಯುತ್ತಿತ್ತು, ನಿನ್ನನ್ನು ತಪ್ಪು ತಿಳಿದು ಮನೆಯಲ್ಲಿ ಕುಳಿತೆ ಎಂದು ಅವರೂ ಬಾಳವ್ವನ ಎದುರು ಒಪ್ಪಿಕೊಂಡರು.

ಮರುದಿನ ಮಾಬೂಬಿಯ ಗಾಡಿ ಬಜಾರಿನ ಹಿಂಬಾಗಿಲಿಗೆ ಹೊರಟಿತು, ಅವಳ ಮಗಳು ಶಾಲೆಗೆ ಹೊರಟಳು. ಹೊರಡುವ ಮೊದಲು ಮಾಬೂಬಿಗೆ ಒಂದು ಸಂಶಯ ಬಂತು. ಅವಳೂ ಇದೇ ಊರಿನವಳಲ್ಲವೆ?

"ಯಕ್ಕಾ, ಇದನ್ನ ತಿರುಗಿ ಕೊಡೂವಾಗ ಒಳಗ ಏನ ಹಾಕಿ ಕೊಡ್ಲಿ?"

"ಏನೂ ಹಾಕಬ್ಯಾಡ ತಂಗಿ," ಎಂದಳು ಬಾಳವ್ವ. "ಲಗೂನ ಕೊಡು."

ಗುರುಗಳು ಕತೆ ನಿಲ್ಲಿಸಿದರು.

ಬಾಳವ್ವನ ಮೇಲೆ ಮಡಿವಾಳಯ್ಯನಿಗೆ ಪ್ರೀತಿ ಹುಟ್ಟಿತ್ತು. ಆದರೂ ಒಂದು ವಿಷಯ ಅವನ ಮನಸ್ಸನ್ನು ಕೊರೆಯುತ್ತಿತ್ತು. ಆ ಎಂಟು ತಿಂಗಳು ಮಾಬೂಬಿಯ ಮಕ್ಕಳು ಹೇಗೆ ದಿನ ಕಳೆದರು ಎಂದು ಕೇಳಿದ.

"ನಾಲ್ಕು ವರ್ಷದಿಂದ ಯಾವುದೋ ಊರಿನಲ್ಲಿ ಪಾಠಕ್ಕಾಗಿ ನಿನ್ನ ದಾರಿ ನೋಡುತ್ತಿರುವ ಮಕ್ಕಳನ್ನು ಹೋಗಿ ಕೇಳು," ಎಂದರು ಗುರುಗಳು.

ಮಡಿವಾಳಯ್ಯ ಎದ್ದು, ಪೊರಕೆಯನ್ನು ಅಲ್ಲಿಯೇ ಬಿಟ್ಟು, ತನ್ನ ಗಂಟು ಕಟ್ಟಲು ಒಳಗೆ ಹೋದ.